ರೆಸಿಡೆನ್ಸಿಯ ಆಯ್ಕೆ: ಉದ್ದೇಶ ಯಾವುದು?

(ಯುವ ವೈದ್ಯರು ಮತ್ತು ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣ)



ಮಕ್ಕಳು ಎಂ.ಬಿ.ಬಿ.ಎಸ್. ಮುಗಿಸಿ, ನೀಟ್-ಪಿಜಿ ಬರೆದು ಕೌನ್ಸೆಲಿಂಗ್‌ಗೆ ಸಿದ್ಧರಾದಾಗ ನಮ್ಮ ಮನೆಗಳಲ್ಲಿ ಕೇಳಿಬರುವ ಮೊದಲ ಪ್ರಶ್ನೆ ಯಾವುದು? ‘ಈ ರ‍್ಯಾಂಕಿಗೆ ರೇಡಿಯಾಲಜಿ ಸಿಗುವುದೇ? ಚರ್ಮರೋಗ ವಿಭಾಗವಾದರೂ ಸಿಗುವುದೇ?’ ಈ ವಿಭಾಗಗಳು ಕೀಳೆಂದು ನಾವು ಹೇಳುತ್ತಿಲ್ಲ. ಆದರೆ ರಾತ್ರಿ ಪಾಳಿ ಕಡಿಮೆ, ಆದಾಯ ಹೆಚ್ಚು, ಮದುವೆಯ ಮಾತುಕತೆಯಲ್ಲಿ ಬೆಲೆ ಇನ್ನೂ ಹೆಚ್ಚು ಎಂಬುದಷ್ಟೇ ಕಾರಣವಾದರೆ ಅದು ವೈದ್ಯನ ಆಯ್ಕೆಯಲ್ಲ, ವ್ಯಾಪಾರಿಯ ಆಯ್ಕೆ.

‘ರೆಸಿಡೆಂಟ್’ ಎಂದರೆ ವಾಸಿಸುವವನು ಎಂದರ್ಥ. 1889ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಆರಂಭವಾದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ವಿಲಿಯಂ ಓಸ್ಲರ್ ಈ ತರಬೇತಿಗೆ ರೂಪ ಕೊಟ್ಟಾಗ, ಯುವ ವೈದ್ಯರು ಆಸ್ಪತ್ರೆಯಲ್ಲೇ ವಾಸಿಸಿ ರೋಗಿಯ ಹಾಸಿಗೆಯ ಬಳಿ ಕಲಿಯುತ್ತಿದ್ದರು. ಇಂದಿಗೂ ಎಂ.ಡಿ., ಎಂ.ಎಸ್. ಪದವಿಯ 3 ವರ್ಷಗಳ ತಿರುಳು ಅದೇ.

ಆದ್ದರಿಂದ ಕಾಲೇಜಿನ ಕಟ್ಟಡ ನೋಡಿ ಮರುಳಾಗದಿರಿ. ಅಲ್ಲಿ ಕಲಿಯುತ್ತಿರುವ ಹಿರಿಯರನ್ನು ವಿಚಾರಿಸಿರಿ. ವಾರ್ಡಿನಲ್ಲಿ ರೋಗಿಗಳಿರುವರೇ? ಶಸ್ತ್ರಚಿಕಿತ್ಸೆಯಲ್ಲಿ ಕೈಗೆ ಕೆಲಸ ಸಿಗುವುದೇ, ಅಥವಾ ನೋಡುತ್ತಾ ನಿಲ್ಲಬೇಕೇ? ಪ್ರಾಧ್ಯಾಪಕರು ರೋಗಿಯ ಬಳಿ ನಿಂತು ಕಲಿಸುವರೇ? ಸ್ಟೈಪೆಂಡ್ ಸಕಾಲಕ್ಕೆ ಬರುವುದೇ? ನಿದ್ರೆಗೆ ಬಿಡುವಿದೆಯೇ? ಜನಸಾಮಾನ್ಯರಿಂದ ತುಂಬಿದ ಸರಕಾರಿ ಆಸ್ಪತ್ರೆ ಕಲಿಸುವಷ್ಟನ್ನು ಖಾಲಿ ಹಾಸಿಗೆಗಳ ಭವ್ಯ ಕಟ್ಟಡ ಕಲಿಸಲಾರದು. ಸ್ನಾತಕೋತ್ತರ ವಿದ್ಯಾರ್ಥಿಗಳು 3 ತಿಂಗಳು ಜಿಲ್ಲಾ ಆಸ್ಪತ್ರೆಗಳಲ್ಲಿ ದುಡಿಯಬೇಕೆಂದು 2020ರಲ್ಲಿ ನಿಯಮವನ್ನೇ ರೂಪಿಸಲಾಯಿತು.

ಹೆತ್ತವರಲ್ಲಿ ಒಂದು ಮಾತು. ಮನೆ, ಜಮೀನು ಅಡವಿಟ್ಟು ಮ್ಯಾನೇಜ್‌ಮೆಂಟ್ ಸೀಟು ಕೊಳ್ಳುವ ಮುನ್ನ ಯೋಚಿಸಿರಿ. ಆ ಸಾಲದ ಕಂತು ಕೊನೆಗೆ ಯಾರ ಜೇಬಿನಿಂದ ತೀರಬೇಕು? ರೋಗಿಯ ಜೇಬಿನಿಂದಲ್ಲವೇ? ಸಾಲ ಹೊತ್ತ ವೈದ್ಯ ತಾಲೂಕು ಆಸ್ಪತ್ರೆಯಲ್ಲಿ ನಿಲ್ಲಬಯಸಿದರೂ ನಿಲ್ಲಲಾರ.

ಇನ್ನೊಂದು ವಿಪರ್ಯಾಸವನ್ನು ನೋಡಿರಿ. ನಡುರಾತ್ರಿ ನಮ್ಮ ಸೊಸೆಗೆ ಹೆರಿಗೆ ನೋವು ಬಂದರೆ ನಮಗೆ ವೈದ್ಯೆಯೇ ಬೇಕು. ಆದರೆ ನಮ್ಮ ಮಗಳು ಪ್ರಸೂತಿ ವಿಭಾಗ ಸೇರಬಯಸಿದರೆ, ‘ರಾತ್ರಿ ಪಾಳಿ ಬೇಡ, ಗಂಡಿನ ಕಡೆಯವರು ಒಪ್ಪಲಾರರು’ ಎನ್ನುತ್ತೇವೆ. ಹಾಗಾದರೆ ಆ ವೈದ್ಯೆ ಎಲ್ಲಿಂದ ಬರಬೇಕು? ಇತರರ ಹೆಣ್ಣುಮಕ್ಕಳು ಮಾತ್ರ ನಿದ್ದೆಗೆಡಬೇಕೇ?

ಯುವ ಮಿತ್ರರೇ, ರ‍್ಯಾಂಕ್ ನಿಮಗೆ ತೆರೆದಿರುವ ಬಾಗಿಲುಗಳನ್ನಷ್ಟೇ ತೋರಿಸುತ್ತದೆ; ಯಾವುದನ್ನು ಪ್ರವೇಶಿಸಬೇಕೆಂದು ಹೇಳುವುದಿಲ್ಲ. ಆದಾಯದ ಆಸೆ ಪಾಪವಲ್ಲ, ಕುಟುಂಬದ ಹೊಣೆಯೂ ಸಣ್ಣದಲ್ಲ. ಆದರೆ ಮುಂದಿನ ಮೂವತ್ತು ವರ್ಷ ಯಾವ ರೋಗಿಯ ಮುಂದೆ ಬೇಸರವಿಲ್ಲದೆ ಕುಳಿತುಕೊಳ್ಳಬಲ್ಲಿರಿ ಎಂಬುದನ್ನು ಆಯ್ಕೆ ಪಟ್ಟಿ ತುಂಬುವ ಮುನ್ನ ನಿಮ್ಮನ್ನೇ ಕೇಳಿಕೊಳ್ಳಿರಿ. ಆ ಉತ್ತರಕ್ಕೆ ಅಡ್ಡಿಯಾಗದಿರುವುದು ಹೆತ್ತವರಾದ ನಮ್ಮೆಲ್ಲರ ಕರ್ತವ್ಯವಾಗಿದೆ.