ಸಂಘದ ಕಂಪ್ಯೂಟರ್ ಬೆಳಿಗ್ಗೆ ತಡವಾಗಿ ಏಳುವುದೇಕೆ?

(ಹಾಲು ಉತ್ಪಾದಕರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಕರೆದ ಹಾಲು ಯಾರಿಗಾಗಿಯೂ ಕಾಯುವುದಿಲ್ಲ. ಅದು ಬೆಚ್ಚಗಿರುವಷ್ಟು ಹೊತ್ತೂ ಅದರಲ್ಲಿ ಸೂಕ್ಷ್ಮಜೀವಿಗಳು ಹೆಚ್ಚುತ್ತಲೇ ಇರುತ್ತವೆ. ನೀವು ಕ್ಯಾನು ಹಿಡಿದು ಸಾಲಾಗಿ ನಿಂತಿರುವಾಗ, ತೂಕ ಮತ್ತು ಜಿಡ್ಡಿನ ಲೆಕ್ಕ ಬರೆಯುವ ಕಂಪ್ಯೂಟರ್ ಕಾಲು ಗಂಟೆ ಕಣ್ಣು ತೆರೆಯದಿದ್ದರೆ ನಷ್ಟ ನಿಮ್ಮದೇ. ಆದ್ದರಿಂದ ಈ ಯಂತ್ರದ ನಿದ್ದೆಯ ವಿಷಯವನ್ನು ನಾವೆಲ್ಲರೂ ತಿಳಿದಿರುವುದು ಒಳ್ಳೆಯದು.

ಕಂಪ್ಯೂಟರಿನಲ್ಲಿ ಎರಡು ಸ್ಥಳಗಳುಂಟು. ಕೆಲಸ ನಡೆಯುವ ಸ್ಥಳಕ್ಕೆ ರ‍್ಯಾಮ್ ಎನ್ನುತ್ತಾರೆ. ಅದು ನಮ್ಮ ಕಣವಿದ್ದಂತೆ. ಡಿಸ್ಕ್ ಎಂಬುದು ಕಣಜವಿದ್ದಂತೆ. ವಿದ್ಯುತ್ ಹೋದರೆ ಕಣ ಬರಿದಾಗುತ್ತದೆ, ಕಣಜದಲ್ಲಿದ್ದದ್ದು ಉಳಿಯುತ್ತದೆ. ರಾತ್ರಿ ‘ಹೈಬರ್ನೇಟ್’ ಮಾಡಿದಾಗ ಯಂತ್ರವು ಕಣದಲ್ಲಿದ್ದುದನ್ನು ಬಳಿದು ಕಣಜಕ್ಕೆ ತುಂಬಿ ಆಮೇಲೆ ಆರುತ್ತದೆ. ಬೆಳಿಗ್ಗೆ ಅದನ್ನೇ ತೆಗೆದು ಮತ್ತೆ ಹರಡುತ್ತದೆ. ಹಾಗೆ ತುಂಬಿದ್ದು 3 ಜಿ.ಬಿ. ಎನ್ನೋಣ. ತಿರುಗುವ ಹಳೆಯ ಡಿಸ್ಕ್ ಸೆಕೆಂಡಿಗೆ ಸುಮಾರು 100 ಎಂ.ಬಿ. ಓದಿದರೆ ಅರ್ಧ ನಿಮಿಷ ಬೇಕು. ಎಸ್.ಎಸ್.ಡಿ. ಎಂಬ ಹೊಸ ಬಗೆಯದು ಸುಮಾರು 500 ಎಂ.ಬಿ. ಓದುವುದರಿಂದ 6 ಸೆಕೆಂಡು ಸಾಕು. ಇದಕ್ಕಿಂತ ಬಹಳ ತಡವಾದರೆ ಎಲ್ಲೋ ದೋಷವಿದೆಯೆಂದು ತಿಳಿಯಿರಿ.

ಮೊದಲು ಗಡಿಯಾರ ಹಿಡಿದು, ತಡವಾಗುವುದು ಯಾವ ಘಟ್ಟದಲ್ಲಿ ಎಂದು ನೋಡಿ. ಪರದೆ ಮೂಡುವ ಮುನ್ನವೇ ತಡವಾದರೆ ಡಿಸ್ಕನ್ನೂ ಡ್ರೈವರ್ ಎಂಬ ತಂತ್ರಾಂಶಗಳನ್ನೂ ಪರೀಕ್ಷಿಸಬೇಕು. ಪರದೆ ಬಂದಮೇಲೆ ಯಂತ್ರ ತೆವಳಿದರೆ, ರಾತ್ರಿ ನಡೆಯದೆ ಉಳಿದ ಅಪ್‌ಡೇಟ್ ಮತ್ತು ವೈರಸ್ ತಪಾಸಣೆಗಳು ಆಗಲೇ ಶುರುವಾಗಿರಬಹುದು. ಹಾಲು ಅಳೆಯುವುದಕ್ಕೆ ಅರ್ಧ ಗಂಟೆ ಮುಂಚೆ ಯಂತ್ರವನ್ನು ಎಬ್ಬಿಸಿ. ತಪಾಸಣೆಯನ್ನು ಮಧ್ಯಾಹ್ನಕ್ಕೆ ಗೊತ್ತುಮಾಡಿ.

ಇನ್ನು ಮಾಡತಕ್ಕ ಕೆಲಸಗಳು:

1. ಮಲಗಿಸುವ ಮುನ್ನ ಲೆಕ್ಕವನ್ನು ಉಳಿಸಿ, ಬೇಡದ ಕಾರ್ಯಕ್ರಮಗಳನ್ನು ಮುಚ್ಚಿ. ಕಣದಲ್ಲಿ ರಾಶಿ ಕಡಿಮೆಯಿದ್ದರೆ ತುಂಬುವ, ಹರಡುವ ಕೆಲಸವೂ ಕಡಿಮೆ.

2. ವಾರಕ್ಕೊಮ್ಮೆ ‘ರೀಸ್ಟಾರ್ಟ್’ ಮಾಡಿ. ‘ಶಟ್‌ಡೌನ್’ ಸಾಲದು. 2012ರಲ್ಲಿ ಬಂದ ವಿಂಡೋಸ್ 8ರಿಂದ ಈಚೆಗೆ, ‘ಫಾಸ್ಟ್ ಸ್ಟಾರ್ಟಪ್’ ಏರ್ಪಾಡು ಇರುವ ಯಂತ್ರಗಳಲ್ಲಿ ಶಟ್‌ಡೌನ್ ಮಾಡಿದರೂ ವ್ಯವಸ್ಥೆಯ ತಿರುಳು ಡಿಸ್ಕಿನಲ್ಲಿ ಕುಳಿತು ಮರುದಿನ ಹಾಗೆಯೇ ಎದ್ದುಬರುತ್ತದೆ. ಹಳೆಯ ತೊಡಕೂ ಅದರೊಡನೆ ಬರಬಹುದು.

3. ಡಿಸ್ಕ್ ತುಂಬಿ ತುಳುಕುತ್ತಿದ್ದರೆ ಹಳೆಯ ಚಿತ್ರ, ಸಿನಿಮಾಗಳನ್ನು ತೆಗೆದುಹಾಕಿ.

4. ನಿದ್ದೆಯ ಕಡತ ಕೆಟ್ಟಿರಬಹುದು. ಅಡ್ಮಿನಿಸ್ಟ್ರೇಟರ್ ಅಧಿಕಾರದಿಂದ ಕಮಾಂಡ್ ಪ್ರಾಂಪ್ಟ್ ತೆರೆದು, ಇಂಗ್ಲಿಷ್ ಅಕ್ಷರಗಳಲ್ಲಿ ‘ಪವರ್’ ಎಂಬುದಕ್ಕೆ ಸಿ, ಎಫ್, ಜಿ ಅಂಟಿಸಿ, ಜಾಗ ಬಿಟ್ಟು ಓರೆಗೆರೆ ಮತ್ತು ಎಚ್, ಮತ್ತೆ ಜಾಗ ಬಿಟ್ಟು ‘ಆಫ್’ ಎಂದು ಬರೆಯಿರಿ. ಹಳೆಯ ಕಡತ ಅಳಿಯುತ್ತದೆ. ರೀಸ್ಟಾರ್ಟ್ ಮಾಡಿ, ಅದನ್ನೇ ‘ಆನ್’ ಎಂದು ಬರೆದರೆ ಹೊಸದು ಹುಟ್ಟುತ್ತದೆ.

5. ಡಿಸ್ಕಿನಿಂದ ಕಟಕಟ ಸದ್ದು ಬಂದರೆ ಎಲ್ಲಕ್ಕಿಂತ ಮೊದಲು ಸಂಘದ ಲೆಕ್ಕವನ್ನು ಬೇರೆಡೆ ನಕಲು ಮಾಡಿ. ಆಮೇಲೆ ಎಸ್.ಎಸ್.ಡಿ. ಹಾಕಿಸಿ.

ಒಂದು ಎಚ್ಚರಿಕೆ. ಹೈಬರ್ನೇಟ್ ಒತ್ತಿದ ಕೂಡಲೇ ಗೋಡೆಯ ಸ್ವಿಚ್ಚು ಆರಿಸಬಾರದು. ಯಂತ್ರದ ದೀಪ ಪೂರ್ತಿ ಆರುವವರೆಗೆ ಕಾಯಿರಿ. ನಡುವೆ ವಿದ್ಯುತ್ ಕಡಿದರೆ ತುಂಬುವ ಕೆಲಸ ಅರ್ಧಕ್ಕೆ ನಿಂತು ಉಳಿಸದ ಲೆಕ್ಕ ಹೋಗುತ್ತದೆ.

ಇದೆಲ್ಲ ಕಾರ್ಯದರ್ಶಿಯೊಬ್ಬರ ಹೊಣೆಯೆಂದು ಬಿಡಬೇಡಿ. ಊರಿನಲ್ಲಿ ಓದಿದ ಹುಡುಗ ಹುಡುಗಿಯರಿದ್ದಾರೆ; ಇಬ್ಬರನ್ನು ಈ ಕೆಲಸಕ್ಕೆ ಗೊತ್ತುಮಾಡಿರಿ. ಯಂತ್ರ ಏಳದ ದಿನ ಕ್ಯಾನುಗಳನ್ನು ಬಿಸಿಲಿನಲ್ಲಿ ಕಾಯಿಸದೆ, ತೂಕವನ್ನು ಪುಸ್ತಕದಲ್ಲಿ ಬರೆದು, ಪರೀಕ್ಷೆಗೆ ಮಾದರಿ ತೆಗೆದಿಟ್ಟು ಹಾಲನ್ನು ಒಳಗೆ ಬರಮಾಡಿಕೊಳ್ಳಿ.