ಹೂವಿಗೆ ಕತ್ತಲೆಯೂ ಬೇಕು



"ಕ್ರಿಸ್‌ಮಸ್ ಕ್ಯಾಕ್ಟಸ್ ಹಸಿರಾಗಿದೆ, ಹೂವೇ ಬಿಡಲ್ಲ" ಎಂಬ ಮಾತು ನಮ್ಮ ಪುಣೆಯ ಫ್ಲ್ಯಾಟುಗಳಲ್ಲಿ ಆಗಾಗ ಕೇಳುತ್ತದೆ. ಗೊಬ್ಬರ ಹಾಕುವ ಮೊದಲು ಒಂದು ಪ್ರಶ್ನೆ: ಗಿಡಕ್ಕೆ ರಾತ್ರಿ ಸಿಗುತ್ತಿದೆಯೇ?

ಕಳ್ಳಿಯ ಜಾತಿಯಾದರೂ ಇದು ಮರುಭೂಮಿಯದಲ್ಲ. ಬ್ರೆಜಿಲ್‌ನ ಆಗ್ನೇಯ ಕರಾವಳಿಯ ಬೆಟ್ಟಗಳಲ್ಲಿ, ತೇವದ ಕಾಡಿನ ಮರಗಳ ಮೇಲೆ, ನಮ್ಮ ಮಲೆನಾಡಿನ ಸೀತಾಳೆಯಂತೆ ಬೆಳೆಯುತ್ತದೆ. ರಾತ್ರಿ ಉದ್ದವಾದಾಗಲೇ ಮೊಗ್ಗು ಕಟ್ಟುತ್ತದೆ. ಅಲ್ಲಿ ಹೂ ಬಿಡುವುದು ಮೇ ತಿಂಗಳ ಹೊತ್ತಿಗೆ. ಹಾಗಾಗಿ ಅಲ್ಲಿನವರಿಗೆ ಇದು 'ಮೇ ಹೂ'. ನಮ್ಮಲ್ಲಿ ಹಾಲ್‌ನ ದೀಪ ರಾತ್ರಿ 11ರವರೆಗೆ ಉರಿದರೆ, ಗಿಡದ ಪಾಲಿಗೆ ಅದಿನ್ನೂ ಹಗಲೇ.

ಅಕ್ಟೋಬರ್‌ನಿಂದ ಸುಮಾರು 6 ವಾರ, ಸಂಜೆ 6ರಿಂದ ಬೆಳಿಗ್ಗೆ 8ರವರೆಗೆ ಪೂರ್ತಿ ಕತ್ತಲೆ ಕೊಡಿ. ಖಾಲಿ ಕೋಣೆ ಇಲ್ಲದಿದ್ದರೆ ರಟ್ಟಿನ ಪೆಟ್ಟಿಗೆ ಕವುಚಿ. ಹಗಲು ಕಿಟಕಿಯ ಬೆಳಕು ಸಾಕು, ಸುಡುಬಿಸಿಲು ಬೇಡ. ಮೇಲ್ಮಣ್ಣು ಒಣಗಿದಾಗ ಮಾತ್ರ ನೀರು. ರಾತ್ರಿ 15 ಡಿಗ್ರಿಯ ಆಸುಪಾಸಿನ ತಂಪಿದ್ದರೆ ಇನ್ನೂ ಒಳ್ಳೆಯದು. ಮೊಗ್ಗು ಕಂಡ ಮೇಲೆ ಪೆಟ್ಟಿಗೆ ತೆಗೆಯಿರಿ. ಆದರೆ ಕುಂಡದ ಜಾಗ ಬದಲಿಸಬೇಡಿ, ಮಣ್ಣು ತೀರಾ ಒಣಗಲು ಬಿಡಬೇಡಿ, ಮೊಗ್ಗು ಉದುರುತ್ತದೆ.

ನಾನು ಐಟಿಯವಳು. ಅಮೆರಿಕದ ಹಗಲಿಗೆ ನಮ್ಮ ರಾತ್ರಿ ಒತ್ತೆ. "ಗಿಡಕ್ಕೆ ಕತ್ತಲೆ ಬೇಕು" ಎಂದರೆ ಮನೆಯವರೆಲ್ಲ ಒಪ್ಪಿ ದೀಪ ಆರಿಸುತ್ತಾರೆ. "ನನಗೆ ನಿದ್ದೆ ಬೇಕು" ಎನ್ನಲು ಮಾತ್ರ ನಮಗೆ ಸಂಕೋಚ. ಗಿಡಕ್ಕೆ ಆ ಸಂಕೋಚವಿಲ್ಲ. ರಾತ್ರಿ ಸಿಗದಿದ್ದರೆ ಹೂ ಬಿಡುವುದಿಲ್ಲ, ಅಷ್ಟೇ.

ಈ ಅಕ್ಟೋಬರ್‌ನಲ್ಲಿ ಪೆಟ್ಟಿಗೆ ಕವುಚುವಾಗ ಲ್ಯಾಪ್‌ಟಾಪ್ ಮುಚ್ಚುವ ಹೊತ್ತನ್ನೂ ಗೊತ್ತುಮಾಡಿಕೊಳ್ಳಿ.