ರಾಗಿ ಯಾವ ತಿಂಗಳವರೆಗೆ ಬರುತ್ತೆ?

ಪದವೀಧರರೇ,

  

ಈ ಬಾಗಲೂರಿನ ಸುತ್ತಮುತ್ತಲೇ ಹಾಲು ಒಕ್ಕೂಟದ ವಿಸ್ತರಣಾಧಿಕಾರಿಯಾಗಿ ತಿರುಗಿದವನು ನಾನು. ಆಗ ಇಲ್ಲೆಲ್ಲ ದ್ರಾಕ್ಷಿ ಚಪ್ಪರ, ರಾಗಿ ಹೊಲ. ತೋಟಗಾರಿಕೆ ಇಲಾಖೆಯ ಮರೀಗೌಡರು 1959ರಲ್ಲಿ ದ್ರಾಕ್ಷಿ ಬೆಳೆಗಾರರನ್ನು ಸೇರಿಸಿ ಕಟ್ಟಿದ ಸಂಘವೇ ಮುಂದೆ ಹಣ್ಣು-ತರಕಾರಿ ಮಾರುವ ಹಾಪ್‌ಕಾಮ್ಸ್ ಆಯಿತು ಅಂತ ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಕೈ ಎತ್ತಬೇಡಿ, ಗೌನು ಜಾರೀತು.

ನನಗೆ ಕೆಲಸ ಕಲಿಸಿದ ಮೇಲಧಿಕಾರಿಯೊಬ್ಬರಿದ್ದರು. ಡೈರಿಯ ಪುಸ್ತಕದಲ್ಲಿ ಲೀಟರು, ಫ್ಯಾಟು ನೋಡಿ ಜೀಪು ಹತ್ತುವವರಲ್ಲ. ಹಾಲು ಹಾಕುವವರ ಮನೆಯ ಜಗಲಿಯಲ್ಲಿ ಕೂತು, "ಏನವ್ವಾ, ರಾಗಿ ಯಾವ ತಿಂಗಳವರೆಗೆ ಬರುತ್ತೆ?" ಅನ್ನೋರು. ಸುಗ್ಗಿಯಲ್ಲಿ ತುಂಬಿಟ್ಟ ರಾಗಿ ಎಷ್ಟೋ ಮನೆಗಳಲ್ಲಿ ಆಷಾಢಕ್ಕೇ ಮುಗಿಯುತ್ತಿತ್ತು. ಹೊಸ ರಾಗಿ ಬರೋತನಕ ಒಲೆ ಉರಿಸುತ್ತಿದ್ದದ್ದು ಹಾಲಿನ ಬಟವಾಡೆ. ದ್ರಾಕ್ಷಿಯ ಇಡಿಗಂಟು ಮದುವೆಗೋ ಬೋರ್‌ವೆಲ್ಲಿಗೋ ಹೋಗುತ್ತದೆ. ಹಾಲಿನ ಚಿಲ್ಲರೆ ಬೇಳೆ, ಎಣ್ಣೆ, ಉಪ್ಪಿಗೆ ಆಗುತ್ತದೆ. ಅದರಲ್ಲೂ ದುಡ್ಡು ಹಾಲು ಕರೆಯುವವಳ ಕೈಗೇ ಬಂದರೆ.

ಅವರ ಎರಡನೇ ಪ್ರಶ್ನೆ ಕಷ್ಟದ್ದು: "ಮಕ್ಕಳಿಗೆ ಎಷ್ಟು ಹಾಲು ಉಳಿಸಿಕೊಂಡ್ರಿ?" ಅದಕ್ಕೆ ಅನೇಕರು ತಲೆ ತಗ್ಗಿಸೋರು. ಡೈರಿ ಬಂದ ಮೇಲೆ ಮಜ್ಜಿಗೆ ಗಡಿಗೆ ಅಟ್ಟ ಸೇರಿದ ಮನೆಗಳಿದ್ದವು. ಹಾಲು ಹೆಚ್ಚು ತರಿಸುವುದೇ ನಮ್ಮ ನೌಕರಿ. ಇವರು ಮಾತ್ರ "ಮಕ್ಕಳ ಪಾಲು ತೆಗೆದಿಟ್ಟು ಮಿಕ್ಕಿದ್ದು ಹಾಕಿ" ಅನ್ನೋರು. ಬಡ್ತಿ ತಡವಾಯಿತು, ಮಾತು ಬದಲಾಗಲಿಲ್ಲ. 2013ರಲ್ಲಿ ಕ್ಷೀರಭಾಗ್ಯ ಬಂದು ಶಾಲೆಗಳಲ್ಲಿ ಹಾಲು ಕೊಡತೊಡಗಿದಾಗ ಅವರು ನಿವೃತ್ತರು. "ಸುತ್ತಿ ಬಳಸಿ ಅಂತೂ ವಾಪಸ್ ಬಂತಲ್ಲಯ್ಯ" ಅಂದರು.

ನಿಮ್ಮಲ್ಲಿ ಕೆಲವರು ರೈತ ಉತ್ಪಾದಕ ಸಂಸ್ಥೆಗಳಿಗೆ ಸಿಇಒ ಆಗಿ ಹೋಗುತ್ತೀರಿ. ಅಂಥ 10,000 ಸಂಸ್ಥೆ ಕಟ್ಟುವ ಯೋಜನೆಯನ್ನು ಕೇಂದ್ರ 2020ರಲ್ಲಿ ತಂದಿತು. ಒಂದೊಂದಕ್ಕೆ ಮೂರು ವರ್ಷಕ್ಕೆ 18 ಲಕ್ಷ ರೂಪಾಯಿವರೆಗೆ ನೆರವು. ದಯವಿಟ್ಟು ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಆ್ಯಪ್ ಮಾಡಿಸಬೇಡಿ. ಆ್ಯಪ್ ತೋರಿಸಲು ನನ್ನ ಮುಂದೆ ಬಂದು ಮೊಬೈಲು ಚಾಚುವ ಹುಡುಗರಿಗೆ ಸಂಘದ ನಡಾವಳಿ ಪುಸ್ತಕ ಓದಲು ಬರುವುದಿಲ್ಲ. ನಾನು ಕಂಡ ಹಲವು ಸಂಸ್ಥೆಗಳು ಗೊಬ್ಬರದ ಅಂಗಡಿಯಾಗಿ ನಿಂತಿವೆ. ವಹಿವಾಟು ಕೋಟಿ ಮುಟ್ಟೀತು, ಸದಸ್ಯರ ಮನೆಯ ಆಷಾಢ ಹಾಗೇ ಇರುತ್ತದೆ.

ಬಟವಾಡೆಯ ದಿನ ತಪ್ಪಿಸಬೇಡಿ. ಷೇರು, ಪಾಸ್‌ಬುಕ್ಕು ಹೆಂಗಸರ ಹೆಸರಿಗೂ ಇರಲಿ. ಸುಗ್ಗಿಯಲ್ಲಿ ಕೊಂಡ ರಾಗಿಯನ್ನೆಲ್ಲ ಪೇಟೆಗೆ ಕಳಿಸದೆ, ಒಂದು ಪಾಲನ್ನು ಸದಸ್ಯರಿಗೇ ಇಟ್ಟು ಅದೇ ದರಕ್ಕೆ ಕೊಡಿ. ರಾಗಿ ಹೊಲ ಹೋದರೆ ಮುದ್ದೆಯ ಜೊತೆ ಹಸುವಿನ ಹುಲ್ಲೂ ಹೋಗುತ್ತದೆ. ಪಕ್ಕದ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರಿಗೆ ಇದು ಗೊತ್ತಿತ್ತು. ಹೊಲ ಬಿಡೆವು ಅಂತ ವರ್ಷಗಟ್ಟಲೆ ಒಟ್ಟಾಗಿ ಧರಣಿ ಕೂತರು. 2025ರ ಜುಲೈಯಲ್ಲಿ 1,777 ಎಕರೆಯ ಭೂಸ್ವಾಧೀನವನ್ನು ಸರ್ಕಾರ ಕೈಬಿಟ್ಟಿತು. ಅದೂ ರೈತ ಸಂಘಟನೆಯೇ, ನಿಮ್ಮ ಪಠ್ಯದಲ್ಲಿ ಇಲ್ಲದಿರಬಹುದು.

ಸಹಕಾರ ಸಂಘಗಳ ವಾರ್ಷಿಕ ಮಹಾಸಭೆ ಸೆಪ್ಟೆಂಬರ್ ಒಳಗೆ ನಡೆಯಲೇಬೇಕು. ಈ ವರ್ಷ ನಿಮ್ಮೂರಿನ ಡೈರಿಯ ಸಭೆಗೆ ಹೋಗಿ. ಊಟದ ಹೊತ್ತಿಗಲ್ಲ, ಜಮಾ-ಖರ್ಚು ಓದುವ ಹೊತ್ತಿಗೆ.